ಪಟ್ಟಿಯಲ್ಲಿ ಆರನೆಯದು

ಹೊಸ ವರ್ಷದ ಹಬ್ಬಕ್ಕೆ ಬಂದಿದ್ದ ಗಂಡನ ಅಕ್ಕ ಗೀರಾನ್ ಸಿಯೋಲಿಗೆ ಹಿಂದಿರುಗಿದ ದಿನ ಕಿಮ್ಚಿ ಫ್ರಿಜ್ಜಿನ ಕೆಳಗಿನ ಖಾನೆ ಪೂರ್ತಿ ಖಾಲಿಯಾಯಿತು. ಚಳಿ ಶುರುವಾಗುವ ಮುಂಚೆ ಅತ್ತೆ ಸೊಸೆ ಇಬ್ಬರೂ ಕೂತು ಅರವತ್ತು ಎಲೆಕೋಸಿಗೆ ಉಪ್ಪು ಹಾಕಿ, ಖಾರ ಸವರಿ ತುಂಬಿಟ್ಟಿದ್ದ ಕಿಮ್ಚಿ ಡಬ್ಬಿಗಳು. ಅದರಲ್ಲಿ ನಾಲ್ಕು ಗೀರಾನ್ ಕಾರು ಹತ್ತಿದವು. ಅವುಗಳ ಬದಲಿಗೆ ಎಂಬಂತೆ ಅವಳು ಒಂದು ಹಳೆಯ ಟ್ಯಾಬ್ ಬಿಟ್ಟುಹೋದಳು.

“ನಮ್ಮ ಹುಡುಗ ಆಡಿ ಬಿಟ್ಟದ್ದು. ಹಾರಿನ್ ಓದ್ಕೊಳ್ಳಲಿ,” ಎಂದಳು. ಕಾರಿನ ಬಾಗಿಲು ಹಾಕುವ ಮುಂಚೆ ತಮ್ಮನ ಹೆಂಡತಿ ಬೊರಾಮ್ ಕಡೆ ನೋಡಿ, “ವೈಫೈಗೆ ಸೇರಿಸೋಕೆ ಬರುತ್ತೆ ತಾನೇ ನಿನಗೆ?” ಎಂದು ಕೇಳಿದಳು.

“ಬರುತ್ತೆ ಅತ್ತಿಗೆ.”

ಬರುತ್ತಿರಲಿಲ್ಲ. ಆದರೆ ಈ ಮನೆಯಲ್ಲಿ ಗೀರಾನ್ ಕೇಳಿದ್ದಕ್ಕೆ ‘ಬರೋದಿಲ್ಲ’ ಎಂದರೆ ಅದು ಮುಂದಿನ ಹಬ್ಬದವರೆಗೂ ಊಟದ ಮೇಜಿನ ಮೇಲೆ ಬರುತ್ತಲೇ ಇರುತ್ತದೆ ಎಂಬುದು ಬೊರಾಮ್‌ಗೆ ಒಂಬತ್ತು ವರ್ಷದಲ್ಲಿ ಗೊತ್ತಾಗಿತ್ತು.

ಮೋಕ್ಪೋ ಬಂದರಿನ ಮೇಲಿನ ಗುಡ್ಡದಲ್ಲಿ ಅವರದು ನೆಲಮಹಡಿ. ಮೇಲೆ ಬಾಡಿಗೆಯವರು. ವೈಫೈ ಪೆಟ್ಟಿಗೆ ಮುಂದಿನ ಕೋಣೆಯಲ್ಲಿ ಟಿವಿ ಪಕ್ಕ ಕೂತಿತ್ತು. ಅತ್ತೆ ಬುನ್‌ಹೀ ಅದರ ಮೇಲೆ ಕಸೂತಿ ಬಟ್ಟೆ ಹೊದಿಸಿ, ಬಟ್ಟೆಯ ಮೇಲೊಂದು ಪಿಂಗಾಣಿ ಬಾತುಕೋಳಿ ಇಟ್ಟಿದ್ದರು. ಬೊರಾಮ್ ಬಾತುಕೋಳಿಯನ್ನು ಕೆಳಗಿಟ್ಟು, ಪೆಟ್ಟಿಗೆಯನ್ನು ಬೋರಲು ಹಾಕಿ, ಅಡಿಯ ಚೀಟಿಯಲ್ಲಿದ್ದ ಗುಪ್ತಪದವನ್ನು ಒಂದೊಂದೇ ಅಕ್ಷರ ನೋಡಿ ಒತ್ತಿದಳು. ಎರಡು ಸಲ ತಪ್ಪಾಯಿತು. ಮೂರನೆಯ ಸಲ ‘ಸೇರಿದೆ’ ಎಂದು ಬಂತು. ಆದರೆ ಯಾವ ಪುಟವೂ ತೆರೆಯಲಿಲ್ಲ. ಒಂದು ಚಕ್ರ ಸುತ್ತುತ್ತಿತ್ತು, ಅಷ್ಟೆ.

ಹಡಗುಕಟ್ಟೆಯಲ್ಲಿ ವೆಲ್ಡಿಂಗ್ ಮಾಡುತ್ತಿದ್ದ ಗಂಡ ತೇಸೊಪ್‌ಗೆ ಫೋನ್ ಮಾಡಿದಳು.

“ಆರಿಸಿ ಹಾಕು,” ಎಂದ ಅವನು.

“ಹಾಕಿದೆ ರೀ.”

“ಪೆಟ್ಟಿಗೆ ವೈರೂ ಕಿತ್ತು ಹಾಕು.”

“ಅದೂ ಆಯ್ತು.”

“ಹಂಗಾದ್ರೆ ಮೇಲಿನ ಮನೆಯೋರು ನಮ್ಮ ವೈಫೈ ಕದೀತಿರ್ಬೇಕು. ಆ ಹೆಂಗಸಿನ ಮೇಲೆ ನನಗೆ ಮೊದಲಿಂದ್ಲೂ ಅನುಮಾನ,” ಎಂದು ಹೇಳಿ ಫೋನ್ ಇಟ್ಟ.

ಎರಡು ದಿನ ಹೀಗೇ ಹೋಯಿತು. ಮೂರನೆಯ ದಿನ ಅನ್ನಕ್ಕಿಟ್ಟು ಟ್ಯಾಬನ್ನೇ ನೋಡುತ್ತಾ ಕೂತಿದ್ದಾಗ ಬೊರಾಮ್ ಕಣ್ಣು ಪರದೆಯ ಮೂಲೆಗೆ ಹೋಯಿತು. ಅಲ್ಲಿದ್ದ ತಾರೀಖು ಮೂರು ವರ್ಷ ಮುಂದಿತ್ತು. ಗೀರಾನ್ ಮಗ ಆಟದಲ್ಲಿ ಬಹುಮಾನ ಬೇಗ ಸಿಗಲಿ ಎಂದು ಗಡಿಯಾರವನ್ನು ಮುಂದೆ ತಳ್ಳಿ, ಹಾಗೇ ಬಿಟ್ಟಿದ್ದ. ತಾರೀಖು ಸರಿ ಮಾಡಿದ ಕೂಡಲೇ ಪುಟಗಳು ಒಂದರ ಹಿಂದೊಂದು ತೆರೆದುಕೊಂಡವು. ಬೊರಾಮ್ ಯಾರಿಗೂ ಹೇಳಲಿಲ್ಲ. ಬಾತುಕೋಳಿಯನ್ನು ಇದ್ದ ಜಾಗದಲ್ಲೇ ಇಟ್ಟಳು.

ಅವಳಿಗೆ ಆ ಟ್ಯಾಬ್ ಬೇಕಿತ್ತು. ಎಂಟು ವರ್ಷದ ಮಗಳು ಹಾರಿನ್‌ಗಿಂತ ಹೆಚ್ಚಾಗಿ ಬೇಕಿತ್ತು.

ಬೊರಾಮ್ ಹದಿನಾರನೆಯ ವಯಸ್ಸಿಗೆ ಹೈಸ್ಕೂಲು ಬಿಟ್ಟವಳು. ಕಡಲಪಾಚಿ ಒಣಗಿಸುವ ಕಾರ್ಖಾನೆಯಲ್ಲಿ ಅಮ್ಮನ ಜಾಗಕ್ಕೆ ಅವಳು ಹೋಗಬೇಕಾಗಿ ಬಂದಿತ್ತು. ಆದರೆ ಸಂಬಂಧ ತಂದ ಚಿಕ್ಕಮ್ಮ ‘ಹೈಸ್ಕೂಲು ಮುಗಿಸಿದ ಹುಡುಗಿ’ ಎಂದು ಹೇಳಿಬಿಟ್ಟಿದ್ದಳು. ಯಾರೂ ಕಾಗದ ಕೇಳಲಿಲ್ಲ, ಬೊರಾಮ್ ತಿದ್ದಲಿಲ್ಲ. ತೇಸೊಪ್‌ಗೆ ಮಾತ್ರ ಗೊತ್ತಿತ್ತು. ಈಗ ಪೇಟೆಯ ಆಸ್ಪತ್ರೆಯಲ್ಲಿ ದಾದಿಯರ ಸಹಾಯಕಿ ಕೆಲಸಕ್ಕೆ ತರಬೇತಿ ಕೊಡುತ್ತಾರೆ, ಸೇರಬೇಕಾದರೆ ಹೈಸ್ಕೂಲು ಮುಗಿದಿರಬೇಕು. ಬಿಟ್ಟವರಿಗೆ ಏಪ್ರಿಲ್ ಮೊದಲ ಶನಿವಾರ ಸಮಾನ ಪರೀಕ್ಷೆ ಇತ್ತು. ಅದಕ್ಕೆ ಒಬ್ಬ ಟೀಚರು ಮಂಗಳವಾರ, ಗುರುವಾರ ಮಧ್ಯಾಹ್ನ ಎರಡು ಗಂಟೆಗೆ ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಪಾಠ ಹೇಳುತ್ತಿದ್ದರು. ಒಡೆದ ಫೋನಿನ ಪರದೆಯಲ್ಲಿ ಗಣಿತದ ಅಂಕಿಗಳು ನೊಣದ ಹಿಕ್ಕೆಯ ಹಾಗೆ ಕಾಣುತ್ತಿದ್ದವು.

“ಪಾಸಾದ ಮೇಲೆ ಅಮ್ಮನಿಗೆ ಹೇಳೋಣ,” ಎಂದಿದ್ದ ತೇಸೊಪ್. “ಅಲ್ಲೀವರೆಗೆ ಅಕ್ಕನ ಕಿವಿಗೆ ಬೀಳದ ಹಾಗೆ ನೋಡ್ಕೋ.”

ಪಾಠದ ಹೊತ್ತಿಗೆ ಅತ್ತೆ ಓಣಿಯ ಹಿರಿಯರ ಕೂಟದಲ್ಲಿ ಇಸ್ಪೀಟು ಆಡುತ್ತಿರುತ್ತಿದ್ದರು. ಹಾರಿನ್ ಶಾಲೆಯಿಂದ ಬರುವುದು ನಾಲ್ಕಕ್ಕೆ. ತೊಂದರೆ ಇದ್ದದ್ದು ಪುಸ್ತಕಗಳದ್ದು. ಅತ್ತೆ ಸುಮ್ಮನೆ ಕೂರುವವರಲ್ಲ. ಬೀರು, ಹಾಸಿಗೆಯ ಪೆಟ್ಟಿಗೆ, ಚಪ್ಪಲಿ ಗೂಡು ಎಲ್ಲವನ್ನೂ ವಾರಕ್ಕೊಮ್ಮೆ ತೆಗೆದು ಮಡಚಿ ಜೋಡಿಸುತ್ತಿದ್ದರು. ಅವರ ಕೈ ಹೋಗದ ಜಾಗ ಒಂದೇ, ನೆಲಕ್ಕೆ ತಾಗಿಕೊಂಡಿದ್ದ ಕಿಮ್ಚಿ ಫ್ರಿಜ್ಜಿನ ಕೆಳಗಿನ ಖಾನೆ. ಮಂಡಿನೋವಿನವರು ಅಷ್ಟು ಬಗ್ಗಲಾರರು, ಖಾಲಿ ಖಾನೆಗೆ ಮುಂದಿನ ಚಳಿಗಾಲದವರೆಗೆ ಯಾರೂ ಬಗ್ಗುವುದೂ ಇಲ್ಲ. ಬೊರಾಮ್ ಆ ಖಾನೆಯ ಗುಂಡಿ ಒತ್ತಿ ತಂಪು ಆರಿಸಿದಳು. ಒರೆಸಿ ಒಣಗಿಸಿ, ಐದು ಪುಸ್ತಕಗಳನ್ನು ಹಳೆಯ ಟವೆಲಿನಲ್ಲಿ ಸುತ್ತಿ ಒಳಗಿಟ್ಟಳು. ಇತಿಹಾಸದ ಪುಸ್ತಕ ತೆರೆದರೆ ಬೆಳ್ಳುಳ್ಳಿ ವಾಸನೆ ಬರುತ್ತಿತ್ತು.

ಮೂರನೆಯ ವಾರ. ರಾತ್ರಿ ಊಟಕ್ಕೆ ಸೋಯಾ ಸಾರು, ಹುರಿದ ಸಣ್ಣ ಮೀನು, ಮೂಲಂಗಿ. ಅತ್ತೆ ಹಾರಿನ್ ತಟ್ಟೆಗೆ ಮೀನಿನ ಮುಳ್ಳು ಬಿಡಿಸಿ ಹಾಕುತ್ತಾ, ತಲೆ ಎತ್ತದೆ ಸೊಸೆಯನ್ನು ಕೇಳಿದರು.

“ಹಾರಿನಮ್ಮಾ, ಕೆಳಗಿನ ಖಾನೆ ಖಾಲಿ ಅಲ್ವಾ?”

“ಹೌದು ಅತ್ತೆ.”

“ಖಾಲಿ ಖಾನೇನ ಮಂಗಳವಾರ ಮಧ್ಯಾಹ್ನ ಎರಡೆರಡು ಸಲ ತೆಗೆಯೋ ಕೆಲಸ ಏನಿತ್ತು?”

ಬೊರಾಮ್‌ಳ ಊಟದ ಕಡ್ಡಿಗಳ ನಡುವಿನಿಂದ ಮೂಲಂಗಿ ಚೂರು ಜಾರಿತು.

“ಒರೆಸೋಕೆ.”

“ಎರಡು ಸಲ?”

“ವಾಸನೆ ಹೋಗಿರ್ಲಿಲ್ಲ.”

“ಅಮ್ಮಾ, ಫ್ರಿಜ್ ಒರೆಸಿದ್ರೂ ತಪ್ಪಾ?” ಎಂದ ತೇಸೊಪ್, ಅನ್ನವನ್ನು ಬೇಗ ಬೇಗ ಬಾಯಿಗೆ ತುಂಬುತ್ತಾ. “ಬೇರೆ ಮನೆ ಅತ್ತೆಯರು ಒರೆಸಲಿಲ್ಲ ಅಂತ ಬೈತಾರೆ.”

“ನಿನ್ನ ಬಾಯಲ್ಲಿರೋದನ್ನ ಮೊದಲು ನುಂಗು. ನಾನು ಕೇಳಿದ್ದು ನಿನ್ನನ್ನಲ್ಲ.”

ಬೊರಾಮ್ ಪಾತ್ರೆ ತೊಳೆಯುವಾಗ ಲೆಕ್ಕ ಹಾಕಿದಳು. ಮಂಗಳವಾರ ಎರಡು ಗಂಟೆಗೆ ಮನೆಯಲ್ಲಿ ಯಾರಿದ್ದರು? ಯಾರೂ ಇಲ್ಲ. ಅವಳು ಮತ್ತು ಟ್ಯಾಬ್. ಟ್ಯಾಬಿನ ನೆತ್ತಿಯ ಮೇಲೆ ಎಳ್ಳುಕಾಳಿನಷ್ಟು ಕಪ್ಪು ಕ್ಯಾಮೆರಾ ಕಣ್ಣು. ಅದನ್ನು ಕೊಟ್ಟವಳು ಯಾರು? ಗೀರಾನ್. ಮಗ ಆಡಿ ಬಿಟ್ಟ ಹಳೆಯದನ್ನು ಈ ಹಬ್ಬಕ್ಕೇ ನೆನಪಿಟ್ಟು ಯಾಕೆ ತಂದಳು? ಮರುದಿನ ಬೆಳಿಗ್ಗೆ ಹಾರಿನ್‌ಳ ಗಾಯದ ಪಟ್ಟಿಯೊಂದನ್ನು ಕತ್ತರಿಸಿ ಆ ಕಣ್ಣಿಗೆ ಅಂಟಿಸಿದಳು. ಪಾಠ ಮುಗಿದ ಕೂಡಲೇ ಟ್ಯಾಬಿನ ವೈಫೈ ಆರಿಸತೊಡಗಿದಳು.

“ಅಮ್ಮಾ, ನೆಟ್ ಬರ್ತಿಲ್ಲ!” ಹಾರಿನ್ ಸಂಜೆ ಕೂಗುತ್ತಿದ್ದಳು.

“ಮೇಲಿನ ಮನೆಯೋರು ಕದೀತಿದಾರೆ, ಹೇಳ್ಲಿಲ್ವಾ ನಾನು?” ಎನ್ನುತ್ತಿದ್ದ ತೇಸೊಪ್.

ಮೇಲಿನ ಮನೆಯ ಹೆಂಗಸು ಮೆಟ್ಟಿಲಲ್ಲಿ ಸಿಕ್ಕಾಗ ತೇಸೊಪ್ ಮುಖ ತಿರುಗಿಸುವುದನ್ನು ನೋಡಿ ಬೊರಾಮ್‌ಗೆ ಪಾಪ ಎನಿಸುತ್ತಿತ್ತು. ಆದರೂ ಬಾಯಿ ಬಿಡಲಿಲ್ಲ.

ಕಣ್ಣು ಮುಚ್ಚಿದರೂ ಏನೂ ಬದಲಾಗಲಿಲ್ಲ. ಮುಂದಿನ ಶುಕ್ರವಾರ ಇಬ್ಬರೂ ಸೇರಿ ಬೆಳ್ಳುಳ್ಳಿ ಸುಲಿಯುತ್ತಿದ್ದಾಗ ಅತ್ತೆ ಚಾಕು ಕೆಳಗಿಟ್ಟರು.

“ನಿನ್ನೆ ಎರಡು ಗಂಟೆ ಮೂರು ನಿಮಿಷಕ್ಕೆ ಒಂದ್ಸಲ. ಮೂರೂ ಮುಕ್ಕಾಲಿಗೆ ಇನ್ನೊಂದ್ಸಲ.”

“ಏನು ಅತ್ತೆ?”

“ಏನು ಅಂತ ನನ್ನನ್ನೇ ಕೇಳ್ತೀಯಾ? ಎಷ್ಟು ಡಬ್ಬಿ ಹೋಯ್ತು ನಿಮ್ಮಮ್ಮನ ಮನೆಗೆ? ಮೇಲಿನ ಖಾನೆಯಿಂದ ಕೆಳಕ್ಕೆ ಇಳಿಸೋದು, ಅಲ್ಲಿಂದ ಚೀಲಕ್ಕೆ, ಚೀಲ ಬಸ್ಸಿಗೆ. ನಾನು ಇಸ್ಪೀಟು ಆಡೋಕೆ ಹೋಗ್ತೀನಿ, ಕುರುಡಿಯಾಗೋಕೆ ಹೋಗಲ್ಲ.”

“ಡಬ್ಬಿ ಎಣಿಸ್ಕೊಳ್ಳಿ ಅತ್ತೆ. ಒಂದೂ ಕಡಿಮೆ ಇಲ್ಲ.”

“ಎಣಿಸಿದೆ. ಕಡಿಮೆ ಇಲ್ಲ. ಅದಕ್ಕೇ ಇನ್ನೂ ಅನುಮಾನ!”

ಅತ್ತೆ ಅಷ್ಟಕ್ಕೇ ಬಿಡಲಿಲ್ಲ.

“ನನ್ನ ಮೇಲೆ ಚಾಡಿ ಹೇಳೋಕೆ ಮಾತ್ರ ನಿನಗೆ ನಾಲಿಗೆ ಇದೆ. ಬೆಳಗಿನ ಜಾವ ಒಂದು ಬಟ್ಟಲು ಅಕ್ಕಿ ಹೆಂಡ ಕುಡಿದ್ರೆ ಮಂಡಿ ಸ್ವಲ್ಪ ಸಡಿಲ ಆಗುತ್ತೆ. ಡಾಕ್ಟರು ಬೇಡ ಅಂದಿದ್ರೆ ಅನ್ಲಿ. ಐದು ಗಂಟೆಗೆ ನಾನು ಕಿಮ್ಚಿ ಫ್ರಿಜ್ ತೆಗೆದ್ರೆ ಎಂಟು ಗಂಟೆಗೆ ಗೀರಾನ್ ಫೋನು, ‘ಕುಡಿದ್ಯಾ ಅಮ್ಮಾ?’ ಅಂತ. ಅವಳಿಗೆ ಹೇಳಿದ್ದು ಯಾರು? ಬಾತುಕೋಳಿಯಾ?”

“ನಾನು ಅತ್ತಿಗೆಗೆ ಫೋನೇ ಮಾಡಲ್ಲ.”

“ಅದನ್ನ ಬೇರೆ ಹೆಮ್ಮೆಯಿಂದ ಹೇಳ್ತಾಳೆ ನೋಡು.”

ಆ ದಿನದಿಂದ ಇಬ್ಬರೂ ಮಾತು ಕಡಿಮೆ ಮಾಡಿದರು. ಅತ್ತೆ ಅಕ್ಕಿ ಹೆಂಡದ ಬಾಟಲಿಯನ್ನು ತಮ್ಮ ಕೋಣೆಯ ಕಿಟಕಿಯ ಹೊರಗೆ ಚಳಿಯಲ್ಲಿಟ್ಟರು. ಬೊರಾಮ್ ಬಟ್ಟೆ ಮಡಚುವಾಗಲೂ ಬೆನ್ನು ಗೋಡೆಗೆ ಮಾಡಿ ಕೂರುತ್ತಿದ್ದಳು. ರಾತ್ರಿ ತೇಸೊಪ್ ಹತ್ತಿರ, “ನೀವೇನಾದ್ರೂ ಹೇಳಿದ್ರಾ?” ಎಂದು ಕೇಳಿದಳು. ಅವನು ಸಿಟ್ಟಾಗಿ ಮಗ್ಗುಲು ಬದಲಿಸಿದ.

ಪರೀಕ್ಷೆಗೆ ಇನ್ನು ಹದಿನೆಂಟು ದಿನ. ಆ ಮಂಗಳವಾರ ಪಾಠದ ನಡುವೆ ಸಂಪರ್ಕ ಐದು ಸಲ ಕಡಿಯಿತು. ಟೀಚರ ಬಾಯಿ ತೆರೆದೇ ನಿಲ್ಲುತ್ತಿತ್ತು, ಮತ್ತೆ ಮಾತು ಬರುವಷ್ಟರಲ್ಲಿ ಗ್ರಾಫಿನ ಗೆರೆ ಬೇರೆಲ್ಲೋ ಹೋಗಿರುತ್ತಿತ್ತು. ಹೀಗೇ ಆದರೆ ಗಣಿತದಲ್ಲಿ ಹೋದ ಹಾಗೆಯೇ. ಬೊರಾಮ್ ಅಪರಿಚಿತರಿಗೆ ಫೋನ್ ಮಾಡಬೇಕೆಂದರೆ ಹೇಳಬೇಕಾದ್ದನ್ನು ಮೊದಲು ಚೀಟಿಯಲ್ಲಿ ಬರೆದುಕೊಳ್ಳುವವಳು. ಬರೆದುಕೊಂಡು, ಇಂಟರ್ನೆಟ್ ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದಳು.

ಫೋನ್ ಎತ್ತಿದ ಹುಡುಗಿ ತಾಳ್ಮೆಯವಳು. “ಎಲ್ಲಿ ಕೂತು ನೋಡ್ತೀರಾ?” ಎಂದಳು.

“ಹಿಂದಿನ ಕೋಣೇಲಿ. ಅಡುಗೆಮನೆ ಪಕ್ಕ.”

“ಪೆಟ್ಟಿಗೆ?”

“ಮುಂದಿನ ಕೋಣೇಲಿ. ಮೇಲೆ… ಬಟ್ಟೆ ಇದೆ. ಒಂದು ಬಾತುಕೋಳಿ.”

ಆ ಕಡೆ ನಗು ತಡೆದ ಸದ್ದು. “ಬಟ್ಟೆ ತೆಗೀರಿ ಮೊದಲು, ಅದು ಬಿಸಿಯಾಗುತ್ತೆ. ನಿಮ್ಮ ವೈಫೈಗೆ ಎರಡು ಹೆಸರು ಕಾಣುತ್ತಲ್ಲ, ಒಂದು ಜೋರಾಗಿ ಓಡುತ್ತೆ, ಆದ್ರೆ ಗೋಡೆ ದಾಟಲ್ಲ. ಇನ್ನೊಂದು ನಿಧಾನ, ಆದ್ರೆ ದೂರ ಬರುತ್ತೆ. ನಿಮ್ಮ ಟ್ಯಾಬ್ ಎರಡರ ಮಧ್ಯೆ ಹಾರ್ತಾ ಇದೆ. ಮೊದಲನೇದನ್ನ ‘ಮರೆತುಬಿಡು’ ಅಂತ ಒತ್ತಿ.”

ಒತ್ತಿದಳು. ಪಾಠದ ಪುಟ ನೀರು ಹರಿದ ಹಾಗೆ ಓಡಿತು. ಬೊರಾಮ್ ಚೀಟಿಯ ಕೊನೆಯ ಸಾಲನ್ನು ನೋಡಿದಳು. ಅದನ್ನು ಬರೆದು ಹೊಡೆದುಹಾಕಿ ಮತ್ತೆ ಬರೆದಿದ್ದಳು.

“ಇನ್ನೊಂದು ಕೇಳ್ಬಹುದಾ? ನಮ್ಮ ವೈಫೈ ಮೂಲಕ ಯಾರಾದ್ರೂ… ನಮ್ಮನ್ನ ನೋಡ್ಬಹುದಾ?”

“ಯಾರ್ಯಾರು ಸೇರಿದಾರೆ ಅಂತ ನೀವೇ ನೋಡಿ. ಪೆಟ್ಟಿಗೆಗೆ ಅದರದ್ದೇ ಒಂದು ಪುಟ ಇದೆ, ಹೇಳ್ತೀನಿ.”

ಪಟ್ಟಿ ತೆರೆಯಿತು. ಬೊರಾಮ್ ಬೆರಳಿಟ್ಟು ಎಣಿಸಿದಳು. ತನ್ನ ಫೋನು. ಅತ್ತೆ ಮನೆಯಲ್ಲೇ ಬಿಟ್ಟುಹೋಗಿದ್ದ ಫೋನು. ಟಿವಿ. ಟ್ಯಾಬು. ಬೂದು ಬಣ್ಣದಲ್ಲಿ, ಈಗ ಮನೆಯಲ್ಲಿಲ್ಲದ ತೇಸೊಪ್ ಫೋನು. ಐದು. ಅದರ ಕೆಳಗೆ ಆರನೆಯದು, ಹೆಸರಿಲ್ಲ, ಬರೀ ಅಂಕಿ ಅಕ್ಷರಗಳ ಸಾಲು. ಸೇರಿದ್ದು ಹೋದ ನವೆಂಬರಿನಲ್ಲಿ. ಒಂದು ದಿನವೂ ಬಿಟ್ಟಿಲ್ಲ.

“ಇದು ಯಾವುದು?”

“ನಮಗೂ ಕಾಣಲ್ಲಮ್ಮ. ತಡೆಯೋ ಗುಂಡಿ ಪಕ್ಕದಲ್ಲೇ ಇದೆ. ತಡೆದು ನೋಡಿ, ಮನೇಲಿ ಏನು ನಿಲ್ಲುತ್ತೋ ಅದೇ ಅದು.”

ತಡೆದಳು. ಟಿವಿ ಹಾಕಿದಳು, ಬಂತು. ದೀಪ, ಅನ್ನದ ಕುಕ್ಕರು, ನೆಲ ಬಿಸಿ ಮಾಡುವ ಯಂತ್ರ, ಎಲ್ಲವೂ ಇದ್ದ ಹಾಗೆಯೇ ಇದ್ದವು. ಏನೂ ನಿಲ್ಲಲಿಲ್ಲ. ನಿಲ್ಲದೆ ಇದ್ದದ್ದಕ್ಕೇ ಹೆಚ್ಚು ಭಯವಾಯಿತು. ಪುಸ್ತಕಗಳನ್ನು ಟವೆಲಿನಲ್ಲಿ ಸುತ್ತಿ ಖಾನೆಗೆ ಹಾಕಿದಳು. ಈ ಸಲ ಖಾನೆ ಮುಚ್ಚುವ ಮುಂಚೆ ಕಿಟಕಿಯಾಚೆ ಮೆಟ್ಟಿಲನ್ನೂ ನೋಡಿದಳು.

ಅತ್ತೆ ಕೂಟದಿಂದ ಬಂದು ಕಾಲು ಚಾಚಿ ಕೂತಿದ್ದರಷ್ಟೆ, ಫೋನ್ ಹೊಡೆದುಕೊಂಡಿತು. ಕಿವಿ ಮಂದವಾದ್ದರಿಂದ ಅವರು ಯಾವಾಗಲೂ ಸ್ಪೀಕರ್ ಹಾಕಿಯೇ ಮಾತಾಡುವುದು. ಗೀರಾನ್ ದನಿ ಮನೆ ತುಂಬ ಕೇಳಿತು.

“ಅಮ್ಮಾ, ಫ್ರಿಜ್ ಕಾಣ್ತಿಲ್ಲ!”

“ಅಡುಗೆಮನೆ ಹಿಂದೆ ಇದೆಯಲ್ಲೇ. ಎಲ್ಲಿಗೆ ಹೋಗುತ್ತೆ ಅದು?”

“ನನ್ನ ಫೋನಲ್ಲಿ ಕಾಣ್ತಿಲ್ಲ ಅಂದೆ. ಮೂರು ಗಂಟೆಯಿಂದ ಇಲ್ಲ. ಅವಳೇ ಏನೋ ಮಾಡಿದಾಳೆ.”

ಅಕ್ಕಿ ತೊಳೆಯುತ್ತಿದ್ದ ಬೊರಾಮ್ ಕೈ ನೀರಿನಲ್ಲೇ ನಿಂತಿತು. ನವೆಂಬರ್. ಕಿಮ್ಚಿ ಹಾಕುವ ವಾರ ಗೀರಾನ್ ಹೊಸ ಫ್ರಿಜ್ ಕಳಿಸಿ, ತಾನೇ ಬಂದು, ಎಲ್ಲವನ್ನೂ ತಾನೇ ಜೋಡಿಸಿಹೋಗಿದ್ದಳು.

“ಫ್ರಿಜ್ ನಿನ್ನ ಫೋನಲ್ಲಿ ಯಾಕೆ ಕಾಣ್ಬೇಕು?” ಅತ್ತೆಯ ದನಿ ನಿಧಾನವಾಯಿತು.

“ಎಷ್ಟು ಸಲ ತೆಗೆದ್ರು, ಯಾವ ಖಾನೆ, ಎಷ್ಟು ಹೊತ್ತಿಗೆ, ಎಲ್ಲ ಬರುತ್ತೆ. ನಿನಗೆ ಹೇಳ್ತಾ ಇದ್ನಲ್ಲ ಪ್ರತಿ ವಾರ?”

“ಮೇಲಿನ ಮನೆಯೋಳು ಮೆಟ್ಟಿಲಿಂದ ಬಗ್ಗಿ ನೋಡಿ ನಿನಗೆ ಹೇಳ್ತಾಳೆ ಅಂದ್ಕೊಂಡಿದ್ದೆ ನಾನು!”

“ಯಾರು ಹೇಳಿದ್ರೆ ಏನಮ್ಮ—”

“ಬೆಳಿಗ್ಗೆ ಐದು ಗಂಟೆಗೆ ನಾನು ತೆಗೆದಿದ್ದೂ?”

“ನಿನ್ನ ಒಳ್ಳೇದಕ್ಕೇ ಅಮ್ಮಾ. ಒಂದು ದಿನ ಬೆಳಿಗ್ಗೆ ಫ್ರಿಜ್ ತೆಗೀಲೇ ಇಲ್ಲ ಅಂದ್ರೆ ನಿನಗೇನೋ ಆಗಿದೆ ಅಂತ ನನಗೆ ತಿಳಿಯುತ್ತೆ.”

“ನಾನು ಸತ್ತಿದ್ದನ್ನ ಫ್ರಿಜ್ ಹೇಳ್ಬೇಕಾ ನಿನಗೆ? ಮನೇಲಿ ಸೊಸೆ ಇಲ್ವಾ?”

“ಆ ಸೊಸೇನೇ ಕೆಳಗಿನ ಖಾನೆ ಆರಿಸಿಟ್ಟಿದಾಳೆ! ಆರಿಸಿದ ಖಾನೇಲಿ ಕಿಮ್ಚಿ ಇಡ್ತಾರಾ ಯಾರಾದ್ರೂ? ಏನೋ ಬಚ್ಚಿಟ್ಟಿದಾಳೆ. ನನ್ನ ಮೇಲೆ ಕೂಗಾಡೋದು ಬಿಟ್ಟು ಹೋಗಿ ನೋಡು. ಫೋನ್ ಇಡಬೇಡ.”

ಅತ್ತೆ ಎದ್ದರು. ಬೊರಾಮ್ ಒದ್ದೆ ಕೈಯಲ್ಲೇ ಅಡ್ಡ ಬಂದಳು. “ಅತ್ತೆ, ನಾನು ಹೇಳ್ತೀನಿ—”

“ದಾರಿ ಬಿಡು.”

ಒಂದು ಕೈಯಲ್ಲಿ ಫೋನು, ಇನ್ನೊಂದು ಕೈ ಗೋಡೆಗೆ. ಅವರು ಮಂಡಿಯೂರುವಾಗ ಮೂಳೆ ಸದ್ದು ಮಾಡಿತು. ಖಾನೆ ಎಳೆದು ಟವೆಲು ಬಿಡಿಸಿದರು. ಮೇಲಿದ್ದದ್ದು ಗಣಿತ. ಮುಖಪುಟದಲ್ಲಿ ದಪ್ಪ ಅಕ್ಷರದಲ್ಲಿ ‘ಹೈಸ್ಕೂಲು ಸಮಾನ ಪರೀಕ್ಷೆ’ ಎಂದಿತ್ತು. ಅವರು ಅದನ್ನು ಒಂದು ಸಲ ಓದಿದರು, ಕಣ್ಣು ಕಿರಿದು ಮಾಡಿ ಇನ್ನೊಂದು ಸಲ ಓದಿದರು. ಒಳಗೆ ಬೊರಾಮ್‌ಳ ಸಣ್ಣ ಅಕ್ಷರ ಪುಟದ ಅಂಚಿನ ತುಂಬ ಇತ್ತು. ಆಮೇಲೆ ತಲೆ ಎತ್ತಿ ಸೊಸೆಯ ಮುಖ ನೋಡಿದರು. ಬೊರಾಮ್ ಕಣ್ಣು ತಗ್ಗಿಸಲಿಲ್ಲ. ತಗ್ಗಿಸಲು ಆಗಲಿಲ್ಲ.

“ಏನಿದೆ ಅಮ್ಮಾ?” ಫೋನು ಕೇಳಿತು.

ಅತ್ತೆ ಪುಸ್ತಕ ಮುಚ್ಚಿ ಟವೆಲಿನ ಮೇಲಿಟ್ಟರು.

“ಅಮ್ಮಾ? ಏನಿದೆ ಅದರಲ್ಲಿ?”

“ಮೂಲಂಗಿ,” ಎಂದರು ಅತ್ತೆ.

“ಮೂಲಂಗಿನಾ? ಆರಿಸಿದ ಖಾನೇಲಿ?”

“ನಾನೇ ಆರಿಸಿದ್ದು. ಹೆಪ್ಪುಗಟ್ಟುತ್ತೆ ಅಂತ. ನಿನ್ನ ಫ್ರಿಜ್ಜಿಗೆ ಬಾಗಿಲು ಎಣಿಸೋಕೆ ಬರುತ್ತೆ, ಮೂಲಂಗಿ ಸಾಕೋಕೆ ಬರಲ್ಲ. ಇಡು ಫೋನು.”

ಇಟ್ಟಿದ್ದು ಅವರೇ. ಆಮೇಲೆ ಖಾನೆಗೆ ಒರಗಿ ನೆಲದ ಮೇಲೇ ಕೂತುಬಿಟ್ಟರು.

“ಒಂಬತ್ತು ವರ್ಷ,” ಎಂದರು. “ಕೂಟದಲ್ಲಿ ಪ್ರತಿಯೊಬ್ಬಳ ಹತ್ರ ಹೇಳಿದೀನಿ, ನನ್ನ ಸೊಸೆ ಹೈಸ್ಕೂಲು ಅಂತ. ಮುಖ ಎಲ್ಲಿಟ್ಕೊಳ್ಲಿ ನಾನು?”

“ತಪ್ಪಾಯ್ತು ಅತ್ತೆ.”

“ತೇಸೊಪ್‌ಗೆ ಗೊತ್ತಾ?”

ಬೊರಾಮ್ ಹೌದೆಂದು ತಲೆಯಾಡಿಸಿದಳು.

“ಅದಕ್ಕೇ ಆ ಕತ್ತೆ ಊಟಕ್ಕೆ ಕೂತಾಗೆಲ್ಲ ಬಾಯಿ ತುಂಬಿಸ್ಕೊಳ್ತಾನೆ.” ಉಸಿರು ಬಿಟ್ಟರು. “ನಿನಗೋಸ್ಕರ ಸುಳ್ಳು ಹೇಳಿದೆ ಅಂತ ತಿಳೀಬೇಡ. ನಾನು ಒಂದು ಬಟ್ಟಲು ಹೆಂಡಕ್ಕೆ ಬೈಸಿಕೊಂಡಿದೀನಿ. ಅವಳಿಗೆ ಇನ್ನೊಂದು ಮಾತು ಸಿಗೋದು ಬೇಡ ಅಂತ ಹೇಳಿದ್ದು. ಯಾವತ್ತು ಪರೀಕ್ಷೆ?”

“ಏಪ್ರಿಲ್ ಮೊದಲ ಶನಿವಾರ.”

“ಫೇಲಾದ್ರೆ ನಾನೇ ಗೀರಾನ್‌ಗೆ ಫೋನ್ ಮಾಡಿ ಹೇಳ್ತೀನಿ. ಈಗ್ಲೇ ಹೇಳಿದೀನಿ.”

ಬೊರಾಮ್ ಕೈ ಕೊಟ್ಟಳು. ಅತ್ತೆ ಹಿಡಿಯಲಿಲ್ಲ, ಫ್ರಿಜ್ಜಿನ ಹಿಡಿ ಹಿಡಿದು ಎದ್ದರು.

“ಫ್ರಿಜ್ಜನ್ನ ಮತ್ತೆ ವೈಫೈಗೆ ಸೇರಿಸ್ಲಾ ಅತ್ತೆ? ಅತ್ತಿಗೆ ಕೇಳಿದ್ರೆ?”

“ಕಿಮ್ಚಿಗೆ ಯಾಕೆ ವೈಫೈ?”

ಗುರುವಾರ ಊಟವಾದ ಮೇಲೆ ಅತ್ತೆ ಕೂಟಕ್ಕೆ ಹೊರಡಲಿಲ್ಲ. ಒಂದೂ ಮುಕ್ಕಾಲಿಗೆ ಈರುಳ್ಳಿ ಸೊಪ್ಪಿನ ಕಟ್ಟು, ಬೋಗುಣಿ, ಚಾಕು ತಂದು ಹಿಂದಿನ ಕೋಣೆಯಲ್ಲಿ ಕೂತರು.

“ಇಸ್ಪೀಟು ಇಲ್ವಾ ಅತ್ತೆ?”

“ಪಾಠನೇ ಕೇಳ್ತೀಯೋ, ಇನ್ನೇನೋ ಮಾಡ್ತೀಯೋ, ನನಗೇನು ಗೊತ್ತು? ನೋಡ್ಬೇಕಲ್ಲ.”

ಟ್ಯಾಬ್ ಒಂದೇ ಸಲಕ್ಕೆ ಸೇರಿಕೊಂಡಿತು. ಟೀಚರು ಹಲಗೆಯ ಮೇಲೆ ಒಂದು ಬಾಗಿದ ಗೆರೆ ಎಳೆದು, ಅದು ಎಲ್ಲಿ ತಿರುಗುತ್ತದೆ ಎಂದು ಕಂಡುಹಿಡಿಯುವುದನ್ನು ಹೇಳಿದರು. ಬೊರಾಮ್ ಬರೆದುಕೊಳ್ಳುತ್ತಿದ್ದಳು. ಅರ್ಧ ದಾರಿಯಲ್ಲಿ ಪೆನ್ಸಿಲ್ ನಿಂತಿತು. ಅತ್ತೆಯ ಚಾಕುವೂ ನಿಂತಿತು.

“ಎಲ್ರಿಗೂ ಅರ್ಥ ಆಯ್ತಲ್ಲ?” ಟೀಚರು ಕೇಳಿದರು. “ಮುಂದೆ ಹೋಗೋಣ.”

“ನಿನಗೆ ಆಯ್ತಾ?” ಅತ್ತೆ ಹಿಂದಿನಿಂದ ಕೇಳಿದರು.

“ಆಯ್ತು ಅತ್ತೆ.”

“ಸುಳ್ಳು. ನಿನ್ನ ಮಾತನ್ನ ಒಂಬತ್ತು ವರ್ಷ ನಂಬಿದ್ದು ಸಾಕು. ಕೇಳು ಅವರನ್ನ.”

“ಎಲ್ರೂ ಇದಾರೆ ಅತ್ತೆ. ಹದಿನೈದು ಜನ.”

“ಇರ್ಲಿ. ಪರೀಕ್ಷೆ ಬರೆಯೋದು ಅವರ ಸೊಸೆಯಲ್ಲ.”

ಬೊರಾಮ್ ಮೈಕಿನ ಗುಂಡಿ ಎಲ್ಲಿದೆ ಎಂದು ಹುಡುಕಬೇಕಾಯಿತು, ಒಂದು ಸಲವೂ ಒತ್ತಿರಲಿಲ್ಲ. ಒತ್ತಿದಳು.

“ಟೀಚರ್,” ಎಂದಳು. ಟ್ಯಾಬನ್ನು ಹತ್ತಿರ ಎಳೆದುಕೊಂಡಳು. “ಟೀಚರ್, ನನಗೆ ಅರ್ಥ ಆಗ್ಲಿಲ್ಲ. ಮೊದಲಿಂದ ಇನ್ನೊಂದು ಸಲ ಹೇಳ್ತೀರಾ?”